ಗಾಜಿನ ಬಚ್ಚಲಲ್ಲೊಂದು ಮಣೆ

ಮನೆ ಅಂದಮೇಲೆ ಯಜಮಾನನ ಮಾತು ನಡೆಯುವ ಜಾಗ ಒಂದಾದರೂ ಇರಬೇಕು, ಅಲ್ಲವೇ? ನಮ್ಮಲ್ಲಿ ಅಡುಗೆಮನೆ ನನ್ನ ಹೆಂಡತಿ ಸುಭದ್ರಮ್ಮನದು. ದೇವರಮನೆಯೂ ಅವಳದೇ. ಟೀವಿಯ ರಿಮೋಟನ್ನು ಅವಳು ತಲೆದಿಂಬಿನ ಕೆಳಗೇ ಇಟ್ಟುಕೊಂಡು ಮಲಗುತ್ತಾಳೆ. ಉಳಿದದ್ದು ಬಚ್ಚಲು. ಐದಡಿ ಅಗಲ, ಆರಡಿ ಉದ್ದ. ಆ ಮೂವತ್ತು ಚದರಡಿ ಸಾಮ್ರಾಜ್ಯದಲ್ಲಾದರೂ ನನ್ನ ಪಟ್ಟಾಭಿಷೇಕ ಆಗಲಿ ಅಂತ ನಾನು ಆಸೆಪಟ್ಟದ್ದು ತಪ್ಪೇ?

ನಾನು ಭದ್ರಾವತಿಯ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಯಂತ್ರಗಳ ನಕ್ಷೆ ಬರೆದವನು. ನಿವೃತ್ತನಾಗಿ ಶಿವಮೊಗ್ಗದ ಕೋಟೆ ರಸ್ತೆಯ ಈ ಪುಟ್ಟ ಮನೆಗೆ ಬಂದಮೇಲೆ ಕೈ ಸುಮ್ಮನೆ ತುರಿಸುತ್ತಿತ್ತು. ಸರಿಯಾಗಿ ಅದೇ ವರ್ಷ ಮಗಳು ಸುಮನಾಳ ಮದುವೆಯಾಯಿತು. ಅಳಿಯ ವಿಜಯಕುಮಾರ್, ಕಾಗದನಗರದ ಹುಡುಗ, ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಮೊದಲನೇ ದೀಪಾವಳಿಗೆ ಅಳಿಯ ಬರುತ್ತಾನೆ, ಬೀಗರೂ ಬರುತ್ತಾರೆ. ಆ ದಿನದ ಎಣ್ಣೆಸ್ನಾನ ಸಾಂಗವಾಗಿ ಆಗಬೇಕು, ಇಲ್ಲದಿದ್ದರೆ ಬೀಗಿತ್ತಿ ಶಂಕರಮ್ಮನವರ ಮುಂದೆ ತಲೆ ಎತ್ತುವ ಹಾಗಿಲ್ಲ. ಇದು ಸುಭದ್ರೆಯ ಚಿಂತೆ. ಹೊಗೆ ಹಿಡಿದ ಬಚ್ಚಲೊಲೆ, ಅದರ ಮೇಲೆ ಕೂತ ತಾಮ್ರದ ಹಂಡೆ, ಇದನ್ನು ಅಳಿಯನಿಗೆ ಹೇಗಪ್ಪಾ ತೋರಿಸುವುದು? ಇದು ನನ್ನ ಚಿಂತೆ.

ಮೂರು ದಿನ ಕೂತು ನಕ್ಷೆ ಬರೆದೆ. ಒಲೆ ಹೋಯಿತು, ಗೀಸರ್ ಬಂತು. ಮೂಲೆಯಲ್ಲಿ ಎರಡೂವರೆ ಅಡಿ ಚೌಕದ ಗಾಜಿನ ಗೂಡು, ಅದರೊಳಗೆ ಶವರ್. ಕಪ್ಪು ಟೈಲ್ಸ್. ದೀಪ ಹತ್ತುವ ಕನ್ನಡಿ. ಪ್ಲಾಸ್ಟಿಕ್ಕಿನ ಮನಿಪ್ಲಾಂಟು. ನಕ್ಷೆಯ ಮೂಲೆಯಲ್ಲಿ ನಮ್ಮ ಸೆಕ್ಷನ್ನಿನ ಪದ್ಧತಿಯಂತೆ ಚೌಕ ಹಾಕಿ ‘ಬರೆದವರು, ಪರಿಶೀಲಿಸಿದವರು, ಒಪ್ಪಿದವರು’ ಅಂತ ಮೂರು ಸಾಲು ಬರೆದೆ. ಮೂರಕ್ಕೂ ನಾನೇ ಸಹಿ ಹಾಕಿದೆ. (ಸರ್ವೀಸಿನಲ್ಲಿ ಒಂದು ದಿನವೂ ಸಿಗದ ಸುಖ ಅದು.)

ಸುಭದ್ರೆ ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದಳು.

“ರೀ, ಇದ್ರಲ್ಲಿ ಮಣೆ ಎಲ್ಲಿ ಹಾಕೋದು?”

“ಯಾವ ಮಣೆ?”

“ಕೂತ್ಕೊಂಡು ಸ್ನಾನ ಮಾಡೋ ಮಣೆ ರೀ. ಅಳಿಯಂದ್ರನ್ನ ನಿಲ್ಸಿ ಎಣ್ಣೆ ನೀರು ಹಾಕ್ಲಾ?”

“ಅಯ್ಯೋ ಮಾರಾಯ್ತಿ, ಶವರ್ ಅಂದ್ರೆ ನಿಂತು ಮಾಡೋದು ಕಣೇ! ಕಾಲ ಎಲ್ಲಿಗೆ ಹೋಗಿದೆ, ನೀನಿನ್ನೂ ಮಣೆ ಹಿಡ್ಕೊಂಡು ಕೂತಿದೀಯ.”

“ನೀರು ತುಂಬೋ ಹಬ್ಬದ ದಿನ ನೀರು ಯಾವುದಕ್ಕೆ ತುಂಬ್ಲಿ?”

“ಗೀಸರಿಗೇ ಪೂಜೆ ಮಾಡು. ಆ ಹಂಡೇನ ಪಾತ್ರೆ ಅಂಗಡಿಗೆ ಹಾಕಿಬಿಡು.”

ಅವಳು ನಕ್ಷೆಯನ್ನು ಮಡಿಸಿ ನನ್ನ ಕೈಗಿಟ್ಟು ಹಿತ್ತಿಲ ಕಡೆ ಹೋದಳು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅದರ ಅರ್ಥ ಹೊಳೆಯಬೇಕಿತ್ತು. ನಾನು ಗೆದ್ದೆ ಅಂದುಕೊಂಡೆ.

ಗಾರೆ ಕೆಲಸದ ಚೌಡಯ್ಯ ಟೈಲ್ಸ್ ಕೂರಿಸುತ್ತಾ ತಲೆ ಕೆರೆದುಕೊಂಡ. “ಸಾರ್, ಗಾಜಿನ ಬಾಗ್ಲು ಒಳಗಡೆ ತೆಗೀತದಲ್ಲ, ಒಳಗಿದ್ದೋರು ಎಲ್ಲಿ ಸರೀಬೇಕು?”

“ಹೊರಗಡೆ ತೆಗೆದ್ರೆ ಬೇಸಿನ್ನಿಗೆ ಹೊಡೆಯುತ್ತಪ್ಪ. ಒಳಗಿದ್ದೋರು ಗೋಡೆಗೆ ಒರಗಿ ನಿಂತ್ಕೋತಾರೆ. ಎಲ್ಲಾ ಲೆಕ್ಕ ಹಾಕಿದೀನಿ.”

“ಮಣೆ ಹಾಕಿದ್ರೆ?”

ಇವನಿಗೂ ಮಣೆ! ಸುಭದ್ರೆ ಕಾಫಿ ಕೊಡುವಾಗ ಹೇಳಿಕೊಟ್ಟಿದ್ದಾಳೆ ಅಂತ ನನಗೆ ಗ್ಯಾರಂಟಿಯಾಯಿತು.

ಬಚ್ಚಲು ಸಿದ್ಧವಾದಾಗ, ನನ್ನ ಬಾಯಿಂದ ನಾನೇ ಹೇಳಬಾರದು, ಅದೊಂದು ಇಂದ್ರಭವನ. ಪಕ್ಕದ ಮನೆ ಕಾಶಮ್ಮ ನೋಡಲು ಬಂದವರು ಚಪ್ಪಲಿ ಬಿಟ್ಟು ಒಳಗೆ ಹೋದರು. ನೀರು ತುಂಬುವ ಹಬ್ಬದ ಸಂಜೆ ಸುಭದ್ರೆ ಹಂಡೆಗೆ ಕಟ್ಟಬೇಕಾದ ಹಿಂಡ್ಲೆಕಾಯಿ ಬಳ್ಳಿಯನ್ನು ಗೀಸರಿಗೆ ಸುತ್ತಿ, ವಿಭೂತಿ ಹಚ್ಚಿ, ಕರ್ಪೂರ ಬೆಳಗಿದಳು. ಗೀಸರಿನ ಕೆಂಪು ದೀಪ ಮೂರನೇ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ಹಬ್ಬಕ್ಕೆ ಬಂದಿಳಿದಿದ್ದ ಬೀಗರು ವೀರಪ್ಪನವರು ಕೈಮುಗಿದು, “ಬೀಗ್ರೇ, ನಮ್ಮನೆ ಬಚ್ಚಲಿಗೂ ನೀವೇ ಡ್ರಾಯಿಂಗ್ ಹಾಕಿಕೊಡ್ಬೇಕು” ಅಂದರು. ನಾನು ಸುಭದ್ರೆಯ ಕಡೆ ನೋಡಿದೆ. ಅವಳು ಬತ್ತಿ ಹೊಸೆಯುತ್ತಿದ್ದಳು.

ಬೆಳಗಿನ ಜಾವ ಎಲ್ಲರೂ ಎದ್ದೆವು. ಗಂಡಸರೆಲ್ಲ ಟವೆಲು ಸುತ್ತಿಕೊಂಡು ತಲೆಯಿಂದ ಕಾಲಿನವರೆಗೆ ಎಣ್ಣೆ ಬಳಿದುಕೊಂಡದ್ದಾಯಿತು. ಇನ್ನು ಅಳಿಯನನ್ನು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಅತ್ತೆ ಮೊದಲ ತಂಬಿಗೆ ನೀರು ಹಾಕಬೇಕು. ಅದೂ ಸೂರ್ಯ ಹುಟ್ಟುವ ಮುಂಚೆ.

ಶಂಕರಮ್ಮನವರು ಮಣೆ ಹಿಡಿದು ಗಾಜಿನ ಗೂಡಿನ ಮುಂದೆ ನಿಂತರು. “ಇದ್ರೊಳಗೆ ನಮ್ಮ ಹುಡುಗ ಹೇಗೆ ಕೂರ್ತಾನ್ರೀ?”

ಆರಡಿ ಎತ್ತರದ ವಿಜಯಕುಮಾರ್ ಗೂಡನ್ನೂ ತನ್ನ ಮೊಣಕಾಲನ್ನೂ ಒಂದು ಸಲ ನೋಡಿಕೊಂಡು, “ಪರವಾಗಿಲ್ಲ ಮಾವ, ನಿಂತೇ ಮಾಡ್ತೀನಿ” ಅಂದ.

“ಮೊದಲ್ನೇ ದೀಪಾವಳಿಗೆ ನಿಂತ್ಕೊಂಡಾ? ಶಿವಶಿವಾ!” ಶಂಕರಮ್ಮನವರ ಮುಖ ಗಂಟಾಯಿತು. ಸುಮನಾಳ ಕಣ್ಣಲ್ಲಿ ನೀರು. ಮಾನ ಹೋಗುವುದು ಅಂದರೆ ಹೀಗೇ ಇರಬೇಕು.

“ಯಾಕೆ ಆಗಲ್ಲ? ನಾನು ಕೂತು ತೋರಿಸ್ತೀನಿ!” ಅಂದವನೇ ಮಣೆಯನ್ನು ಕಸಿದುಕೊಂಡು ಒಳಗೆ ಹಾಕಿ, ಹೊಟ್ಟೆ ಒಳಗೆಳೆದುಕೊಂಡು ಕೂತೇಬಿಟ್ಟೆ. ಕೂತದ್ದೇನೋ ಸರಿ. ಹಿಂದೆಯೇ ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನನ್ನ ಎರಡೂ ಮೊಣಕಾಲು ಬಾಗಿಲಿಗೆ ಒತ್ತಿಕೊಂಡವು. ಬಾಗಿಲು ತೆಗೆಯಬೇಕಾದರೆ ನಾನು ಏಳಬೇಕು. ಏಳಬೇಕಾದರೆ ಕೈ ಊರಬೇಕು. ಕೈ ಊರಿದಲ್ಲೆಲ್ಲ ಎಣ್ಣೆ, ಜರ್ರನೆ ಜಾರುತ್ತಿತ್ತು.

ಅಳಿಯ ಗಾಜಿನ ಮೇಲಿನಿಂದ ಕೈ ಹಾಕಿ ನನ್ನ ರಟ್ಟೆ ಹಿಡಿದು ಎಳೆದ. ಅವನ ಕೈಯಲ್ಲೂ ಎಣ್ಣೆ. ಅರ್ಧ ಎದ್ದವನು ಧೊಪ್ಪನೆ ಮತ್ತೆ ಮಣೆಗೆ ಬಿದ್ದೆ.

“ಇದು ಬಿಚ್ಚೇ ತೆಗೀಬೇಕು ಮಾವ. ಸ್ಪ್ಯಾನರ್ ತರ್ತೀನಿ.”

ಆಗ ಸುಭದ್ರೆ ಬಾಯಿ ಬಿಟ್ಟಳು. “ಬೇಡ ಕಣಪ್ಪ, ಸೂರ್ಯ ಹುಟ್ಟೋ ಹೊತ್ತಾಯ್ತು. ಮೊದ್ಲು ನಿನ್ನ ಸ್ನಾನ ಆಗ್ಲಿ. ಆಮೇಲೆ ಇವ್ರನ್ನ ತೆಗೆಯೋಣ, ಎಲ್ಲಿಗೂ ಹೋಗಲ್ಲ. ಎಲ್ರೂ ಹಿತ್ತಿಲಿಗೆ ಬನ್ನಿ.”

“ಹಿತ್ತಿಲಲ್ಲೇನಿದೆ?” ನಾನು ಗಾಜಿನೊಳಗಿಂದ ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಆರತಿ ತಟ್ಟೆ ಹೋಯಿತು, ದೀಪ ಹೋಯಿತು, ಸೀಗೇಪುಡಿಯ ಬಟ್ಟಲೂ ಹೋಯಿತು. ಕಿಟಕಿಯಿಂದ ಸೌದೆ ಹೊಗೆಯ ವಾಸನೆ ಬಂತು. ತಾಮ್ರದ ಹಂಡೆಗೆ ತಂಬಿಗೆ ತಗಲುವ ಶಬ್ದ, ಶಂಕರಮ್ಮನವರ ಹಾಡು, “ಅಬ್ಬಾ, ಎಂಥಾ ಬಿಸಿ ಅತ್ತೆ!” ಅಂತ ಅಳಿಯನ ನಗು. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಕೂತಲ್ಲೇ ಕಣ್ಣು ತುಂಬಿ ಬಂತು. (ಎಣ್ಣೆ ಇಳಿದದ್ದೂ ಇರಬಹುದು.)

ಹೊಸ ಪಂಚೆ ಉಟ್ಟು ಅಳಿಯ ಬಂದು ಬಾಗಿಲಿನ ಕೀಲು ಬಿಚ್ಚಿ ನನ್ನನ್ನು ಬಿಡುಗಡೆ ಮಾಡುವಾಗ ಬಿಸಿಲು ಚೆನ್ನಾಗಿ ಏರಿತ್ತು. ಹಿತ್ತಿಲಿಗೆ ಹೋಗಿ ನೋಡಿದರೆ, ಚಪ್ಪರದ ಕೆಳಗೆ ಇಟ್ಟಿಗೆ ಒಲೆ. ಹುಣಿಸೇಹಣ್ಣು ಹಾಕಿ ತಿಕ್ಕಿದ ನಮ್ಮ ಹಂಡೆ, ಸುತ್ತ ಸುಣ್ಣದ ಪಟ್ಟೆ, ಕೊರಳಲ್ಲಿ ಹಿಂಡ್ಲೆಕಾಯಿ ಬಳ್ಳಿ. ನೆಲಕ್ಕೆ ನನ್ನ ಬಚ್ಚಲಲ್ಲಿ ಉಳಿದ ಕಪ್ಪು ಟೈಲ್ಸ್! ಕೂಲಿಗೆ ಬಂದ ಚೌಡಯ್ಯನ ಕೈಯಲ್ಲೇ ಎಲ್ಲ ಮಾಡಿಸಿ, ಮೇಲೆ ಗೋಣಿ ಮುಚ್ಚಿಟ್ಟಿದ್ದಳು. ಆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಒಲೆಯನ್ನೂ ಹೊತ್ತಿಸಿದ್ದಳು.

“ಮೊದ್ಲೇ ಹೇಳ್ಬಾರ್ದಿತ್ತೇನೇ?”

“ಅವತ್ತೇ ಕೇಳಿದ್ನಲ್ಲ, ಮಣೆ ಎಲ್ಲಿ ಅಂತ. ಚೌಡಯ್ಯನೂ ಕೇಳಿದ. ಕೂತ್ಕೊಳ್ಳಿ ಈಗ.”

ಕೂತೆ. ಅವಳು ಸುಡುಸುಡು ನೀರು ತಲೆಗೆ ಹುಯ್ದು ಸೀಗೇಪುಡಿ ಹಾಕಿ ಉಜ್ಜಿದಳು. ಕೈಕಾಲು ಚಾಚಿ ಕೂತೆ, ಎಲ್ಲೂ ಏನೂ ತಗಲಲಿಲ್ಲ. ಆಹಾ, ಆ ಸುಖವನ್ನು ಯಾವ ನಕ್ಷೆಯಲ್ಲೂ ಬರೆಯಲಾಗದು. ಗಾಜಿನ ಗೂಡು ಈಗಲೂ ಇದೆ, ಅದರೊಳಗೆ ಸೌದೆ ಒಟ್ಟಿದ್ದೇವೆ. ಮಳೆಗಾಲದಲ್ಲೂ ಬೆಚ್ಚಗಿರುತ್ತದೆ.

ಅವತ್ತೇ ಹೋಳಿಗೆ ಊಟವಾದಮೇಲೆ ವೀರಪ್ಪನವರು ಎಲೆಅಡಿಕೆ ಹಾಕಿಕೊಂಡು, “ಬೀಗ್ರೇ, ಡ್ರಾಯಿಂಗ್ ಮರೀಬೇಡಿ” ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. “ಆ ಹಿತ್ತಿಲ ಬಚ್ಚಲಿಂದು ಕೊಡಿ” ಅಂತ ಸೇರಿಸಿದರು.

ಸ್ಕೇಲು ಪೆನ್ಸಿಲ್ ತೆಗೆದು ಕೂತೆ. ಒಲೆ, ಹಂಡೆ, ಚಪ್ಪರ, ನೀರು ಹೋಗುವ ಕಾಲುವೆ, ಎಲ್ಲವನ್ನೂ ಅಳತೆ ಸಮೇತ ಬರೆದೆ. ಮೂಲೆಯ ಚೌಕದಲ್ಲಿ ಬರೆದವರು ಅಂತ ನನ್ನ ಸಹಿ ಮಾತ್ರ ಹಾಕಿ, ಉಳಿದೆರಡು ಸಾಲು ಖಾಲಿ ಬಿಟ್ಟು, ವಿನಯದಿಂದ ಸುಭದ್ರೆಯ ಮುಂದೆ ಹಿಡಿದೆ. ಅವಳು ಕನ್ನಡಕ ಹಾಕಿಕೊಂಡು, ಬೀಗಿತ್ತಿಗೂ ಕಾಣುವ ಹಾಗೆ ಹಾಳೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿದಳು.

“ಎಲ್ಲಾ ಚೆನ್ನಾಗಿದೆ ರೀ” ಅಂದಳು. “ಮಣೆ ಎಲ್ಲಿ?”

ನಾನು ರಬ್ಬರ್ ಹುಡುಕತೊಡಗಿದೆ.