ಪಾಂಡವಪುರದ ಕಡಲಪಾಚಿ

ಮನೆಯ ತೊಟ್ಟಿಯಲ್ಲಿ ಪಾಚಿ ಕಂಡರೆ ಎಲ್ಲರೂ ಬ್ರಷ್ಷು ಹಿಡಿದು ಉಜ್ಜುತ್ತಾರೆ. ನಾನು ಅದನ್ನೇ ಬೆಳೆಸಿ ಸಂಬಳ ತೆಗೆದುಕೊಳ್ಳುತ್ತೇನೆ. ಅದೂ ಕಡಲಪಾಚಿ, ಅದೂ ಕಬ್ಬಿನ ಗಾಡಿಗಳು ಓಡಾಡುವ ಪಾಂಡವಪುರದಲ್ಲಿ. ನಮ್ಮ ಅಂಗಾಂಶ ಕೃಷಿ ಲ್ಯಾಬಿನಲ್ಲಿ ಮೊದಲು ಬಾಳೆ ಸಸಿ ಮಾಡುತ್ತಿದ್ದೆವು. ಈಗ ಪಾಚಿಯ ಒಂದು ಚೂರನ್ನು ಬಾಟಲಿಯಲ್ಲಿ ಚಿಗುರಿಸಿ, ಉಪ್ಪುನೀರಿನ ಟಬ್ಬಿನಲ್ಲಿ ಬಲಿಸಿ, ಸಮುದ್ರದಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಯುವ ಕರಾವಳಿಯವರಿಗೆ ಕಳಿಸುವ ಕೆಲಸ. ಸಮುದ್ರ ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ಮಾತು ಬದಲಿಸುತ್ತೇನೆ.

ಮೊದಲ ಸಲದ ಸಸಿಗಳು ಹೊರಡುವ ಹಿಂದಿನ ದಿನ, ಭಾನುವಾರ, ಲ್ಯಾಬಿನಲ್ಲಿ ಕರೆಂಟು ಕೈಕೊಟ್ಟಿತು. ಟಬ್ಬಿನ ನೀರಿಗೆ ಗಾಳಿ ಊದುವ ಪಂಪು ನಿಂತರೆ ಸಸಿ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಯುಪಿಎಸ್ ಇದೆ ಸಾರ್ ಎಂದು ಲ್ಯಾಬಿನ ಸಾಹೇಬರಿಗೆ ಜಂಬದಿಂದ ಹೇಳಿ ಟಬ್ಬನ್ನು ಶ್ರೀರಂಗಪಟ್ಟಣಕ್ಕೆ ತಂದಿಟ್ಟುಕೊಂಡೆ. ಇದು ಸತ್ತರೆ ಮತ್ತೆ ಬಾಳೆಗೇ ವಾಪಸ್ಸು ಎಂದು ಸಾಹೇಬರು ಮೊದಲೇ ಹೇಳಿದ್ದರು. ಬಾಳೆಯ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಈ ಸಸಿಗಳನ್ನು ನಾನು ಮಕ್ಕಳ ಹಾಗೆ ಸಾಕಿದ್ದೆ.

ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದರೆ, ಹೊಣಕೆರೆಯಿಂದ ಬಂದಿದ್ದ ಅಪ್ಪ ಟಬ್ಬಿನ ಮುಂದೆ ಕೂತು ಕೈ ಒರೆಸಿಕೊಳ್ಳುತ್ತಿದ್ದರು.

"ನೀರ ಬಾಯ್ಗಿಟ್ಟು ನೋಡ್ದೆ ಕಣ್ಲಾ, ಬರೀ ಉಪ್ಪು! ಸೌಳು ಹತ್ತಿದ್ ಗದ್ದೇಲಿ ಹುಲ್ಲೂ ಏಳಕ್ಕಿಲ್ಲ, ಗೊತ್ತಿಲ್ವಾ? ಎಲ್ಲಾ ಚೆಲ್ಬುಟ್ಟು ಸೀನೀರ್ ತುಂಬಿವ್ನಿ."

ನಾನು ಕಿರುಚಿದೆ. ಏನು ಕಿರುಚಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪನ ಮುಖ ಸಣ್ಣದಾಯಿತು. ಗಾಬರಿಯಲ್ಲಿ ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬಿಯನ್ನೇ ತಂದು ಟಬ್ಬಿಗೆ ಸುರಿದೆ. "ರಾತ್ರಿ ಸಾರಿಗೆ ಒಂಚೂರು ಉಳಿಸ್ರೀ" ಎಂದು ಹೆಂಡತಿ ಕೂಗುತ್ತಿದ್ದಳು. ಸಮುದ್ರದ ನೀರೆಂದರೆ ಬರೀ ಉಪ್ಪಲ್ಲ ಎಂದು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಭಾಷಣ ಮಾಡಿ ಶಾಲು ಹೊದಿಸಿಕೊಂಡವನು ನಾನೇ. ಆ ಹೊತ್ತಿನಲ್ಲಿ ಅದೊಂದೂ ನೆನಪಾಗಲಿಲ್ಲ.

ಲ್ಯಾಬಿನಲ್ಲಿ ಕರೆಂಟು ಬಂದಿದೆ ಎಂದು ಫೋನು ಬಂತು. ಅಪ್ಪನ ತೊಡೆಯ ಮೇಲೆ ಟಬ್ಬಿಟ್ಟು ಕಾರು ಓಡಿಸಿದೆ. ಪಾಂಡವಪುರದವರೆಗೂ ಅಪ್ಪ ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ಸಾಹೇಬರು ಸಸಿಗಳನ್ನು ಸರಿಯಾದ ನೀರಿಗೆ ಹಾಕಿ ಒಂದೊಂದನ್ನೇ ನೋಡಿದರು. ಕೆಲವು ಬೆಳ್ಳಗಾಗಿದ್ದವು, ಹೆಚ್ಚಿನವು ಬದುಕಿದ್ದವು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಹಳೆಯ ನೀರನ್ನು ಪರೀಕ್ಷಿಸಿ ನನ್ನ ಕಡೆ ತಿರುಗಿದರು. "ಅಡುಗೆ ಉಪ್ಪು ಹಾಕಿದ್ದು ಯಾರ್ರೀ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೈಮುಗಿದು ಮುಂದೆ ಬಂದರು.

"ಬಯ್ಬ್ಯಾಡಿ ಸಾ. ನೀರ್ ಬದ್ಲಾಯ್ಸಿ ಕೆಡ್ಸಿದ್ದು ನಾನು. ನಮ್ ಹೈದ ಗಾಬ್ರೀಲಿ ಉಪ್ಪಾಕ್ಬುಟ್ಟ. ಓದ್ಕಂಡವ್ನೆ, ಆದ್ರೆ ಪಾಚಿ ಇಚಾರ ಅವನ್ಗೇನ್ ಗೊತ್ತಾಯ್ತದೆ?"

ಸಾಹೇಬರು ನನ್ನ ಮುಖವನ್ನೊಮ್ಮೆ ನೋಡಿ, ಅಪ್ಪನ ಮಾತು ನಿಜವೆಂಬಂತೆ ನಿಧಾನವಾಗಿ ತಲೆಯಾಡಿಸಿದರು.