ಸಾಕ್ಷಿ ಹೇಳಲು ಬಾರದ ಚಿಗರಿಯವರಿಗೆ

ರಾಣೇಬೆನ್ನೂರು,
ಅಕ್ಟೋಬರ್ 1991

ಕುರುಚಲು ಕಾಡಿನ, ಜಿಂಕೆ ಕುಲದ ಮಾನ್ಯ ಚಿಗರಿಯವರೇ,

ಹತ್ತಿ ಬೀಜದ ಹೊಲದಲ್ಲಿ ಹೂವಿಗೆ ಹೂವು ತಾಗಿಸಿ ಕೂಲಿ ಮಾಡುವ ನಾವು ಒಂಬತ್ತು ಜನ ಹೆಂಗಸರು ತಮಗೂ ತಮ್ಮ ಕೋಡುಗಳಿಗೂ ನಮಸ್ಕಾರ ತಿಳಿಸುತ್ತೇವೆ. ರಾತ್ರಿ ತಾವು ಮೇದುಹೋದ ನಮ್ಮ ಶೇಂಗಾ ಬಳ್ಳಿ ತಮ್ಮ ಮೈಗೆ ಹಿಡಿಸಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ಪತ್ರ ಆ ವಿಷಯಕ್ಕಲ್ಲ.

ನಾವು ಸೀತೆಯ ನಾಟಕ ಕಟ್ಟಿದ್ದು ತಮಗೆ ಗೊತ್ತಿರಬೇಕು. ಬರೆದುಕೊಟ್ಟವರು ಯಾರೂ ಇಲ್ಲ. ಕೆಲಸ ಬಿಟ್ಟ ಮೇಲೆ ಸುತ್ತ ಕೂತು ಆಕೆಯ ಕಥೆ ಒಂದಿಷ್ಟು, ನಮ್ಮ ಕಥೆ ಒಂದಿಷ್ಟು ಕೂಡಿಸುತ್ತ ಹೋಗುತ್ತೇವೆ, ಆಡುವವಳಿಗೆ ಒಪ್ಪಿಗೆಯಾಗದ ಮಾತಿದ್ದರೆ ಕಣ್ಣಾರೆ ಕಂಡ ಸಾಕ್ಷಿ ಕೇಳುತ್ತೇವೆ, ಸಾಕ್ಷಿ ಸಿಗದಿದ್ದರೆ ಕಿತ್ತುಹಾಕುತ್ತೇವೆ. ಈ ಕಟ್ಟಳೆಯಿಂದ ರಾವಣನ ಒಂಬತ್ತು ತಲೆಗಳು ಈಗಾಗಲೇ ಹೋಗಿವೆ.

ತೊಂದರೆಯಾದದ್ದು ತಮ್ಮ ಪ್ರವೇಶದಲ್ಲಿ. ಬಂಗಾರದ ಜಿಂಕೆ ಬೇಕೆಂಬ ಮಾತನ್ನು ಸೀತೆಯ ಪಾತ್ರದ ದುರಗವ್ವ ಆಡಲು ಒಪ್ಪಲಿಲ್ಲ. ಆಕೆಯ ಗಂಡ ಗೋವಾಕ್ಕೆ ಹೋದವನು ಆರು ವರ್ಷವಾದರೂ ಬಂದಿಲ್ಲ. ಸೊಸೆ ಬಂಗಾರದ ಬೆಂಡೋಲೆ ಬೇಕೆಂದು ಜೀವ ತಿಂದದ್ದಕ್ಕೇ ಮಗ ಊರು ಬಿಟ್ಟನೆಂದು ಅತ್ತೆ ಹೊಳಿಯವ್ವ ನಳದ ಮುಂದೆ ನಿತ್ಯ ಸಾರುತ್ತಾಳೆ, ಓಣಿ ನಂಬಿದೆ, ದುರಗವ್ವನನ್ನು ಮದುವೆ ಮನೆಗೂ ಯಾರೂ ಕರೆಯುವುದಿಲ್ಲ. ಬೇಡದೇ ಇದ್ದದ್ದನ್ನು ಬೇಡಿದೆನೆಂದು ಊರ ಮುಂದೆ ನಾನೇ ಹೇಳಬೇಕೇ ಎಂದು ಆಕೆ ಅತ್ತಳು.

ಸೀತೆ ಜಿಂಕೆ ಬೇಡಿದಳೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಬೇಕಾಯಿತು. ರಾಮಲಕ್ಷ್ಮಣರು ಮನೆಯವರು, ಅವರ ಸಾಕ್ಷಿ ನಡೆಯುವುದಿಲ್ಲ. ಅಂದಿನ ಜಿಂಕೆ ತೀರಿಕೊಂಡದ್ದರಿಂದ ತಮ್ಮನ್ನೇ ಕರೆದೆವು. ಬಂಗಾರದ ಬಣ್ಣ ಬಳಿದುಕೊಂಡು ಬರಬೇಕು, ಪ್ರಮಾಣ ಮಾಡುವಾಗ ಮುಂಗಾಲು ಎತ್ತಬೇಕು ಎಂದು ಕಾರ್ಡು ಬರೆದು ಕಾಡಂಚಿನ ಜಾಲಿ ಗಿಡಕ್ಕೆ ನಾನೇ ಕಟ್ಟಿ ಬಂದೆ. ಮರುದಿನ ಕಾರ್ಡು ಇರಲಿಲ್ಲ. ತಾವು ಓದಿದಿರೋ ತಿಂದಿರೋ ತಿಳಿಯದು. ಮುಂದಿನ ಸಾಲಿನಲ್ಲಿ ಕುರ್ಚಿ, ಶಾಲು, ಒಂದು ಬುಟ್ಟಿ ಹಸಿ ಶೇಂಗಾ ಇಟ್ಟು ಕಾದೆವು. ಅಷ್ಟು ದೊಡ್ಡ ಜಿಗಿತದವರು ನಾಟಕವಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದವರೆಗೆ ಬರಲಿಲ್ಲ.

ತಾವು ಬಾರದೆ ಮಾಡಿದ ಉಪಕಾರವನ್ನೂ ಹೇಳಬೇಕು. ಆ ಸಂಜೆ ಖಾಲಿ ಕುರ್ಚಿ ನೋಡಿ ದುರಗವ್ವ ಮಾತು ನಿಲ್ಲಿಸಿದಳು. ಆಮೇಲೆ ಜನರ ಕಡೆ ತಿರುಗಿ, ‘ನಾ ಬಂಗಾರ ಬೇಡಿದ್ದನ್ನ ಯಾರರ ಕೇಳೀರೇನ್ರಿ?’ ಎಂದಳು. ನಾನು ರಾಮನ ಬಿಲ್ಲು ಕೆಳಗಿಟ್ಟೆ. ಹೆಂಗಸರ ನಡುವಿನಿಂದ ಹೊಳಿಯವ್ವ ಎದ್ದು ನಿಂತಳು.

‘ಆಕಿ ಬೇಡಿಲ್ಲ. ಬೆಂಡೋಲಿ ಬೇಡಿದಾಕಿ ನಾನು.’

ದುರಗವ್ವ ಅತ್ತೆಯನ್ನು ಅಪ್ಪಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, ‘ಹೋಗೂದಿದ್ರ ನಿನ್ನ ಖುಷಿಗೆ ಹೋಗು. ನನ್ನ ಹೆಸರು ಹೇಳಬ್ಯಾಡ’ ಎಂದಳು. ಇದು ತಾಲೀಮಿನಲ್ಲಿ ಇರಲಿಲ್ಲ, ಈಗ ನಾಟಕದಲ್ಲಿದೆ. ಈ ಮಾತಿಗೆ ಸಾಕ್ಷಿ ಬೇಕೆಂದು ಒಬ್ಬರೂ ಕೇಳಿಲ್ಲ.

ತಮ್ಮ ವಿಶ್ವಾಸಿ,
ಹಸೀನಾಬಿ
(ತಮ್ಮ ಬೆನ್ನು ಹತ್ತಬೇಕಿದ್ದ ರಾಮ)

ಮರೆತ ಮಾತು: ಬ್ಯಾಡಗಿಯ ಪ್ರಯೋಗಕ್ಕೆ ತಾವು ದಣಿಯಬೇಕಿಲ್ಲ. ತಮ್ಮ ಪಾತ್ರವನ್ನು ಹೊಳಿಯವ್ವನಿಗೆ ಕೊಟ್ಟಿದ್ದೇವೆ. ಮೊಣಕಾಲು ನೋವಿನಿಂದ ಆಕೆ ಓಡಿಹೋಗಲಾರಳು. ನಮಗೆ ಅಂಥ ಸಾಕ್ಷಿಯೇ ಬೇಕು.