ಹಿಂದಿನ ಎಡಗಡೆ ಮೂಲೆ

ಮನುಷ್ಯನಿಗೆ ಒಂದು ವಯಸ್ಸಿಗೆ ತನ್ನ ಕಣ್ಣಿನ ಮೇಲೆ ಅನುಮಾನ ಬರುತ್ತದೆ, ಹಲ್ಲಿನ ಮೇಲೆ ಬರುತ್ತದೆ, ಮಂಡಿಯ ಮೇಲಂತೂ ಬಂದೇ ಬರುತ್ತದೆ. ಕಿವಿಯ ಮೇಲೆ ಮಾತ್ರ ಯಾರೂ ಅನುಮಾನ ಪಡುವುದಿಲ್ಲ. ಕೇಳಿಸದಿದ್ದರೆ ಎದುರಿನವರು ಬಾಯಿ ಬಿಟ್ಟು ಮಾತಾಡುತ್ತಿಲ್ಲ ಎಂದುಕೊಳ್ಳುತ್ತೇವೆ. ನಾನಂತೂ ದಿನಾ ಹೊಂಗನೂರಿನಿಂದ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಹೋಗಿ ಎಂಟನೇ ತರಗತಿಗೆ ಶಬ್ದದ ಪಾಠ ಮಾಡುವ ವಿಜ್ಞಾನದ ಮೇಷ್ಟ್ರು. ಬೋರ್ಡಿನ ಮೇಲೆ ಒಳಗಿವಿ, ಹೊರಗಿವಿ, ತಮಟೆ ಎಲ್ಲ ಬರೆದು ಬಣ್ಣ ತುಂಬುವವನು. ನನ್ನ ಕಿವಿಯ ಬಗ್ಗೆ ನನಗೆ ಎಷ್ಟು ಹೆಮ್ಮೆ ಇದ್ದಿರಬೇಕು, ನೀವೇ ಯೋಚಿಸಿ. ಆ ಹೆಮ್ಮೆ ಈಗ ಮೂಲೆ ಸೇರಿದೆ. ಹೇಗೆ ಸೇರಿತು ಅನ್ನುವುದನ್ನು ನಿಮಗಾದರೂ ಹೇಳಿಕೊಂಡು ಹಗುರಾಗುತ್ತೇನೆ.

ನನಗೆ ಬ್ಲೂ-ರೇ ಡಿಸ್ಕಿನ ಹುಚ್ಚು ಹಿಡಿದು ವರ್ಷವಾಯಿತು. ಎಲ್ಲರೂ ಸಿನಿಮಾವನ್ನು ಫೋನಿನಲ್ಲಿ ನೋಡುವ ಕಾಲದಲ್ಲಿ ಈ ಮನುಷ್ಯ ಡಿಸ್ಕು ಹಿಡಿದುಕೊಂಡು ಓಡಾಡುತ್ತಾನಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಫೋನಿಗೆ ಬರುವ ಶಬ್ದ ಹಿಂಡಿ ಹಿಂಡಿ ಬಂದದ್ದು. ಅದನ್ನು ಕಳಿಸುವವರು ‘ಈ ಚೂರು ಯಾರ ಕಿವಿಗೂ ಗೊತ್ತಾಗುವುದಿಲ್ಲ’ ಎಂದು ತಾವೇ ತೀರ್ಮಾನ ಮಾಡಿ ಅರ್ಧಕ್ಕರ್ಧ ಬಿಸಾಕಿಬಿಟ್ಟಿರುತ್ತಾರೆ. ಡಿಸ್ಕಿನಲ್ಲಿ ಹಾಗಲ್ಲ. ಅಲ್ಲಿರುವುದು ಲಾಸ್‌ಲೆಸ್, ಅಂದರೆ ಸ್ಟುಡಿಯೋದಲ್ಲಿ ಏನು ರೆಕಾರ್ಡ್ ಆಯಿತೋ ಅದು ಒಂದು ಎಳೆಯೂ ತುಂಡಾಗದೆ ನಮ್ಮ ಮನೆಗೆ ಬರುತ್ತದೆ. ಪ್ಲೇಯರಿನ ಮೆನುವಿನಲ್ಲಿ ‘ಬಿಟ್‌ಸ್ಟ್ರೀಮ್’ ಅಂತ ಒತ್ತಿದರೆ ಗಂಟು ಬಿಚ್ಚದೆ ಹಾಗೇ ಆಂಪ್ಲಿಫೈಯರಿಗೆ ದಾಟಿಸುತ್ತದೆ. ‘ಪಿಸಿಎಂ’ ಅಂತ ಒತ್ತಿದರೆ ತಾನೇ ಬಿಚ್ಚಿ ಕೊಡುತ್ತದೆ. ಎರಡರಲ್ಲೂ ಮಾಲು ಒಂದೇ. ಆದರೆ ಬಿಟ್‌ಸ್ಟ್ರೀಮ್ ಒತ್ತಿದಾಗ ಆಂಪ್ಲಿಫೈಯರಿನ ಮುಖದ ಮೇಲೆ ಆ ಫಾರ್ಮ್ಯಾಟಿನ ಹೆಸರು ನೀಲಿ ಅಕ್ಷರದಲ್ಲಿ ಬೆಳಗುತ್ತದೆ ನೋಡಿ, ಅದನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಸಿನಿಮಾ ಶುರುವಾಗುವ ಮೊದಲೇ ಒಂದು ನಿಮಿಷ ಆ ಅಕ್ಷರವನ್ನೇ ನೋಡುತ್ತಾ ಕೂತಿರುತ್ತಿದ್ದೆ.

ನನ್ನದು ಐದು ಪಾಯಿಂಟ್ ಒಂದು. ಹೀಗೆಂದಾಗ ನನ್ನ ಹೆಂಡತಿ ಸುಜಾತ, “ಐದು ಎಕರೆ ಒಂದು ಗುಂಟೆ ಅಂದಂಗಾಯ್ತು” ಅಂದಳು. ಪಹಣಿ ಓದಿ ಬೆಳೆದ ಮನೆಯವಳು, ಇನ್ನೇನು ಅಂದಾಳು. ಐದು ಅಂದರೆ ಮುಂದೆ ಮೂರು ಸ್ಪೀಕರು, ಹಿಂದೆ ಎರಡು. ಉಳಿದ ಒಂದು ಗುಂಟೆ ನೆಲದ ಮೇಲೆ ಕೂತು ಗುಡುಗುವ ಸಬ್‌ವೂಫರು, ಮನೆ ನಡುಗಿಸುವುದು ಅದೇ ಎಂದು ವಿವರಿಸಿದೆ. “ಊರಲ್ಲಿ ಗಲಾಟೆ ಆಗೋದೂ ಯಾವಾಗ್ಲೂ ಆ ಒಂದು ಗುಂಟೆಗೇ” ಎಂದು ಒಳಗೆ ಹೋದಳು.

ಹಿಂದಿನ ಎರಡು ಸ್ಪೀಕರಿಗೆ ಸ್ಟ್ಯಾಂಡ್ ಬೇಕಿತ್ತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಸಾದಿಕ್ ಭಾಯಿ ನನ್ನ ಹಳೇ ಸ್ನೇಹಿತ. ಅವರು ಬೊಂಬೆಗೆ ಬಳಸುವ ಆಲೆಮರದಲ್ಲಿ ಕಡೆದು, ಕೆಂಪು ಹಳದಿ ಅರಗು ಹಚ್ಚಿ, ಎದೆಯೆತ್ತರದ ಎರಡು ಸ್ಟ್ಯಾಂಡ್ ಮಾಡಿಕೊಟ್ಟರು. ನೋಡಿದವರು ಯಾವುದೋ ದೈತ್ಯ ಮಗುವಿನ ಗಿಲಕಿ ಅಂದುಕೊಳ್ಳಬೇಕು, ಹಾಗಿದ್ದವು. ಹಾಲಿನ, ಅಂದರೆ ನಡುಮನೆಯ, ಹಿಂದಿನ ಎರಡು ಮೂಲೆಗೆ ನಿಲ್ಲಿಸಿ ಸ್ಕೂಲಿಗೆ ಹೋಗಿ ಬರುವಷ್ಟರಲ್ಲಿ ನಮ್ಮವ್ವ ಎರಡರ ಬುಡಕ್ಕೂ ನೀರಿನ ಬಟ್ಟಲು ಇಟ್ಟುಬಿಟ್ಟಿದ್ದಳು. ರೇಷ್ಮೆ ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಿರಲಿ ಅಂತ ನಮ್ಮ ಕಡೆ ಹಾಗೆ ನೀರಿಡುತ್ತಾರೆ. “ಸ್ಟ್ಯಾಂಡ್ ಅಂದ್ಮೇಲೆ ಇರುವೆ ಹತ್ತದೇ ಇರ್ತದಾ?” ಅಂದಳು. ಶಬ್ದಕ್ಕೆ ಇರುವೆ ಹತ್ತುವುದಿಲ್ಲವ್ವ ಎಂದರೆ ಕೇಳುವವಳಲ್ಲ. ನಾನೇ ಸೋತು, ತಂತಿ ನೀರಿಗೆ ತಾಗದಂತೆ ಸುರುಳಿ ಸುತ್ತಿ ಸ್ಟ್ಯಾಂಡಿನ ಸೊಂಟಕ್ಕೆ ಕಟ್ಟಿದೆ. ಸಾದಿಕ್ ಭಾಯಿ ಒಂದು ಭಾನುವಾರ ಬಂದು ಸಿನಿಮಾ ಪೂರ್ತಿ ಹಿಂದಕ್ಕೇ ತಿರುಗಿ ಕೂತು ನೋಡಿದರು. ಸರೌಂಡ್ ಶಬ್ದಕ್ಕೆ ಬೆರಗಾಗಿದ್ದಾರೆ ಅಂತ ನಾನು ಉಬ್ಬಿಹೋದೆ. ಹೊರಡುವಾಗ, “ಕಾಲು ಅಚ್ಛಾ ಕೂತವೆ ಮೇಷ್ಟ್ರೇ, ಒಸಿನೂ ಅಲ್ಲಾಡ್ತಿಲ್ಲ” ಅಂದರು.

ಇಷ್ಟೆಲ್ಲ ಸುಖವಾಗಿದ್ದಾಗಲೇ ಹಾಲಿಗೆ ಕುತ್ತು ಬಂತು. ನಮ್ಮಂತೆ ರೇಷ್ಮೆ ಹುಳ ಸಾಕುವ ಮನೆಯವರಿಗೆ ಇದು ಗೊತ್ತು. ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳ ಬಕಾಸುರನ ವಂಶ, ತಿಂದದ್ದೇ ತಿಂದದ್ದು, ಬೆಳೆದದ್ದೇ ಬೆಳೆದದ್ದು. ಹಿತ್ತಿಲ ಹುಳದ ಮನೆ ಸಾಲುವುದಿಲ್ಲ. ಆಗ ಹಾಲನ್ನು ಹುಳಕ್ಕೆ ಬಿಟ್ಟು ಮನುಷ್ಯರು ಜಗಲಿಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಹಾಗೆಯೇ ನಡೆದಿದೆ. ಈ ಸಲ ಹಾಲಿನಲ್ಲಿ ತಿಂಗಳ ಹಿಂದಷ್ಟೇ ಕೂಡಿಸಿದ ನನ್ನ ಥಿಯೇಟರು ಇತ್ತು. ಒಮ್ಮೆ ಬಿಚ್ಚಿದರೆ ವರ್ಷಕ್ಕೆ ಐದಾರು ಬೆಳೆ, ಐದಾರು ಸಲ ಬಿಚ್ಚಬೇಕು. ಅಂದರೆ ನನ್ನ ಥಿಯೇಟರಿನ ಕಥೆ ಮುಗಿದಂತೆ. ಹುಳಕ್ಕೆ ಜಗಲಿಗೇ ಟಾರ್ಪಾಲು ಕಟ್ಟಿಸಿಕೊಡುತ್ತೇನೆ ಎಂದೆ. ಸುಜಾತ, “ಅತ್ತೆಮ್ಮನ್ನ ಕೇಳಿ” ಅಂದಳು. ಹುಳದ ವಿಷಯದಲ್ಲಿ ಅವ್ವನ ಮಾತೇ ಕೊನೆ.

ನಾನು ಉಪಾಯ ಮಾಡಿದೆ. ಅವ್ವ ಈವರೆಗೆ ಆ ಹಾಲಿನಲ್ಲಿ ಕೂತು ಒಂದು ಸಿನಿಮಾ ಕೇಳಿದವಳಲ್ಲ. ಒಂದು ಸಲ ಕೇಳಿಸಿದರೆ ಎಂಥ ಕಲ್ಲು ಮನಸ್ಸೂ ಕರಗುತ್ತದೆ ಅನ್ನುವುದು ನನ್ನ ನಂಬಿಕೆ. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದ ದಿನ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸವಿಲ್ಲ, ಅವಳಿಗೂ ಪುರುಸೊತ್ತು. ಮಧ್ಯಾಹ್ನ ಊಟವಾದ ಮೇಲೆ ಕರೆದು ನಟ್ಟನಡುವೆ, ಐದೂ ಸ್ಪೀಕರಿಗೆ ಸಮದೂರದಲ್ಲಿ ಕುರ್ಚಿ ಹಾಕಿ ಕೂರಿಸಿದೆ. “ಜ್ವರಕ್ಕೆ ಕೂತಿರೋ ಹುಳಿನ ಪಕ್ಕ ಆ ಡಬಡಬ ಬ್ಯಾಡ ಕಣ್ಲಾ” ಅಂದಳು. ಸರಿ ಎಂದು ಒಂದು ಗುಂಟೆಯನ್ನು ಬಿಟ್ಟುಕೊಟ್ಟೆ, ಸಬ್‌ವೂಫರಿನ ವೈರು ಕಿತ್ತೆ. ಯಾವುದೋ ದೇಶದ ಕಾಡಿನಲ್ಲಿ ಮಳೆ ಹಿಡಿಯುವ ದೃಶ್ಯ ಹಾಕಿದೆ. ನೀಲಿ ಅಕ್ಷರ ಬೆಳಗಿತು. ಮೊದಲು ಒಂದೊಂದು ಹನಿ, ಆಮೇಲೆ ಎಲೆಯ ಮೇಲೆ ಸಣ್ಣಗೆ ಸರಸರ, ಆಮೇಲೆ ಸುತ್ತಲೂ ಜಡಿ. ಎಷ್ಟು ಸಲ ಕೇಳಿದ್ದೇನೋ, ಆದರೂ ನನ್ನ ರೋಮ ಎದ್ದು ನಿಂತವು. ಅವ್ವ ಪರದೆ ನೋಡಲಿಲ್ಲ. ಕಣ್ಣು ಮುಚ್ಚಿ, ಕತ್ತು ಒಂಚೂರು ವಾಲಿಸಿ ಕೂತಳು. ಗೆದ್ದೆ ಅಂದುಕೊಂಡೆ.

ದೃಶ್ಯ ಮುಗಿದ ಮೇಲೆ ಅವ್ವ ಕಣ್ಣು ಬಿಟ್ಟು, “ಸಂದಾಗೈತೆ ಕಣಪ್ಪ, ಹುಳ ಮೇಯ್ದಂಗೇ ಐತೆ” ಅಂದಳು. ನಾನು ಟಾರ್ಪಾಲಿನ ಮಾತು ಎತ್ತಬೇಕು ಅನ್ನುವಷ್ಟರಲ್ಲಿ, “ಆ ಹಿಂದ್ಗಡೆ ಎಡಗಡೆ ಮೂಲೇದು ಮಾತ್ರ ಮೇಯ್ತಾ ಇಲ್ಲ” ಎಂದಳು.

ನನಗೆ ಸಿಟ್ಟು ಬಂತು. ಇದು ಲಾಸ್‌ಲೆಸ್ಸು, ಇದರಲ್ಲಿ ಮೂಲೆಗೀಲೆ ಕಮ್ಮಿಯಾಗುವ ಮಾತೇ ಇಲ್ಲ ಎಂದು ಎರಡು ನಿಮಿಷ ಪಾಠ ಮಾಡಿದೆ. ಅವ್ವ ಪೂರ್ತಿ ಕೇಳಿ, “ಹಂಗಾರೆ ಒಸಿ ಎದ್ದು ನೋಡು” ಅಂದಳು. ಎದ್ದು ಹೋಗಿ ಎಡ ಸ್ಪೀಕರಿಗೆ ಕಿವಿ ಹಚ್ಚಿದೆ. ಗೋಡೆಗೆ ಕಿವಿ ಹಚ್ಚಿದ ಹಾಗಿತ್ತು. ಬಗ್ಗಿ ನೋಡಿದರೆ ಬಟ್ಟಲಿನ ನೀರು ತಾಗದಿರಲಿ ಅಂತ ನಾನೇ ಸುತ್ತಿ ಕಟ್ಟಿದ್ದ ತಂತಿ ಹಾಗೇ ಸುರುಳಿಯಲ್ಲಿತ್ತು. ಅದರ ತುದಿಯನ್ನು ಸ್ಪೀಕರಿಗೆ ಸಿಕ್ಕಿಸಿಯೇ ಇರಲಿಲ್ಲ.

ಒಂದು ತಿಂಗಳು. ಒಂದು ತಿಂಗಳು ನಾನು ಆ ಮೂಲೆಯಿಂದ ಮಳೆ ಕೇಳಿದ್ದೆ, ಹೆಲಿಕಾಪ್ಟರು ಕೇಳಿದ್ದೆ, ಒಮ್ಮೆ ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು ಅಂತ ತಿರುಗಿಯೂ ನೋಡಿದ್ದೆ. ಫೋನಿಗೆ ಶಬ್ದ ಹಿಂಡುವ ಆ ಪುಣ್ಯಾತ್ಮರು ಎಷ್ಟು ಮರ್ಯಾದಸ್ಥರು ಅಂತ ಆಗ ಗೊತ್ತಾಯಿತು. ಕಿವಿಗೆ ತಿಳಿಯದ ಚೂರುಪಾರು ಬಿಸಾಕುತ್ತಾರೆ ಅಷ್ಟೇ. ನನ್ನ ಕಿವಿಯ ಅಳತೆ ಗೊತ್ತಿದ್ದರೆ ಸ್ಪೀಕರನ್ನೇ ಬಿಸಾಕುತ್ತಿದ್ದರು.

“ಒಂದ್ ತಿಂಗ್ಳು ಒಂದ್ ಮೂಲೆ ಉಪಾಸ ಬಿದ್ರೂ ಗೊತ್ತಾಗ್ನಿಲ್ಲ ನಿಂಗೆ. ಹಾಲ್ ಮಡಿಕಂಡು ಏನ್ ಮಾಡೀಯ?” ಎಂದಳು ಅವ್ವ. ಬೈಗುಳದ ದನಿ ಅಲ್ಲ, ನಿಜವಾಗಿ ಕೇಳಿದ್ದು. ಮಾರನೇ ದಿನ ಹುಳ ಜ್ವರ ಎದ್ದವು. ನಾನೇ ಎಲ್ಲವನ್ನೂ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಸುಜಾತ ಪೆಟ್ಟಿಗೆಗಳನ್ನು ಎಲ್ಲಿಟ್ಟಳೋ ನೋಡುವಷ್ಟು ಮನಸ್ಸೂ ಇರಲಿಲ್ಲ. ಸಾದಿಕ್ ಭಾಯಿಯ ಸ್ಟ್ಯಾಂಡುಗಳು ಮಾತ್ರ ನಿಂತ ಕಡೆಯೇ ಉಳಿದವು, ತಲೆಯ ಮೇಲೆ ಸ್ಪೀಕರಿನ ಬದಲು ಸೊಪ್ಪಿನ ಬುಟ್ಟಿ ಹೊತ್ತುಕೊಂಡು.

ಮೂರು ದಿನ ನಾನು ಹಾಲಿನ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಸ್ಕೂಲಿನಿಂದ ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು, “ಚಪ್ಲಿ ಬುಟ್ಟು ಬಾ ಇಲ್ಲಿ” ಅಂದಳು. ಆಗ ತಾನೇ ಸೊಪ್ಪು ಹಾಕಿದ್ದರು. ಕಿಟಕಿಗೆ ಗೋಣಿ ಕಟ್ಟಿ ಒಳಗೆಲ್ಲ ಮಬ್ಬು. ನಡುವೆ, ಅದೇ ಜಾಗದಲ್ಲಿ, ಅದೇ ಕುರ್ಚಿ. “ಕೂತ್ಕೊ, ಕಣ್ಣು ಮುಚ್ಚು” ಎಂದಳು. ಕೂತೆ.

ನಾನು ಹುಳದ ಮನೆಯಲ್ಲೇ ಹುಟ್ಟಿ ಬೆಳೆದವನು. ಆದರೆ ಹೀಗೆ ಕೂತು ಕೇಳಿದ್ದು ಅದೇ ಮೊದಲು ಅಂತ ಹೇಳಲು ನಾಚಿಕೆಯಾಗುತ್ತದೆ. ಸಾವಿರ ಸಾವಿರ ಹುಳ ಒಟ್ಟಿಗೆ ಎಲೆ ಕಡಿಯುವ ಶಬ್ದ. ಮುಂದೆ, ಹಿಂದೆ, ತಲೆಯ ಮಟ್ಟದಲ್ಲಿ, ಕಾಲಿನ ಹತ್ತಿರ, ಎಲ್ಲ ಕಡೆಯಿಂದಲೂ ನಿಲ್ಲದೆ ಸುರಿಯುತ್ತಿತ್ತು. ಒಂದೊಂದು ಹುಳಕ್ಕೂ ಒಂದೊಂದು ಸ್ಪೀಕರು. ಯಾವ ಡಿಸ್ಕಿನಲ್ಲೂ ಹಿಡಿಸದಷ್ಟು ದೊಡ್ಡ ಮಳೆ ನಮ್ಮ ಹಾಲಿನಲ್ಲಿ ವರ್ಷಕ್ಕೆ ಐದಾರು ಸಲ ಹುಯ್ಯುತ್ತಿತ್ತು, ನಾನು ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದೆ. ಅವ್ವನ ಕೈ ಹಿಡಿದುಕೊಂಡು, “ಅವ್ವ, ಎಲ್ಲ ಕೇಳಿಸ್ತಾ ಐತೆ” ಎಂದೆ.

“ನಾಕು ಮೂಲೆನೂವಾ?”

“ನಾಲ್ಕೂ. ಅದರಲ್ಲೂ ಹಿಂದಿನ ಎಡಗಡೆ ಮೂಲೆ, ಅಲ್ಲೇ ಜೋರಾಗಿ ಮೇಯ್ತಾವೆ” ಎಂದೆ, ಕಣ್ಣು ಬಿಡದೆ, ಬಹಳ ಖಚಿತವಾಗಿ.

ಅವ್ವ, ಬಂದು ನೋಡು ಅಂತ ಸುಜಾತಳನ್ನು ಕೂಗಿದಳು. ಆಮೇಲೆ ನನ್ನ ತಲೆ ಸವರುತ್ತಾ, “ಕಣ್ಣು ಬುಟ್ಟು ತಿರುಗಿ ನೋಡಪ್ಪ” ಅಂದಳು. ನೋಡಿದೆ. ಹಿಂದಿನ ಎಡಗಡೆ ಮೂಲೆಯಲ್ಲಿ ಒಂದು ತಟ್ಟೆಯೂ ಇರಲಿಲ್ಲ. ಹಳೇ ಸೀರೆ ಹೊದ್ದುಕೊಂಡು ನನ್ನ ಸ್ಪೀಕರಿನ ಪೆಟ್ಟಿಗೆಗಳು ಕೂತಿದ್ದವು.